ಐದು ಗೌಸ್ ಗೆರೆ

ಎನ್‌ಎಂಆರ್ ಯಂತ್ರದ ಕಡತ ಏಳು ವರ್ಷ ಕುಂಟಿತು.
ಮೂರು ಕೊಟೇಶನ್ನು, ಎರಡು ಮರುಟೆಂಡರು,
'ಇಷ್ಟು ದುಡ್ಡಿಗೆ ಹುಡುಗಿಯರ ಹಾಸ್ಟೆಲ್ಲೇ ಏಳುತ್ತದಲ್ಲ'
ಹಣಕಾಸು ಅಧಿಕಾರಿಯ ಟಿಪ್ಪಣಿ, ಹಸಿರು ಶಾಯಿ.
ಅವರು ಹೇಳಿದ್ದು ತಪ್ಪೇನಲ್ಲ.

ಅಲ್ಲಿಯವರೆಗೆ ನಮ್ಮ ಅಣುಗಳೆಲ್ಲ ಬಸ್ಸಿನಲ್ಲೇ ಓಡಾಡಿದವು.
ಸುಹರಾ ಗಾಜಿನ ನಳಿಕೆಗಳಿಗೆ ಹತ್ತಿ ಸುತ್ತಿ
ಟಿಫಿನ್ ಡಬ್ಬಿಯಲ್ಲಿ ಮಲಗಿಸಿ ಮೈಸೂರಿಗೆ ಒಯ್ದರೆ
ಸರದಿ ಮೂರು ವಾರ. ಅಷ್ಟರಲ್ಲಿ
ಒಳಗಿದ್ದದ್ದು ಒಡೆದು ಬೇರೇನೋ ಆಗಿರುತ್ತಿತ್ತು.
ಆ ಬೇರೇನೋದ ಚಿತ್ರಗಳು ಒಂದು ಬೀರು ತುಂಬ ಇವೆ.

ಕೊನೆಗೂ ಬಂತು, ಕಾಫಿ ಹೂ ಬಿಟ್ಟ ವಾರ.
ಕೊಪ್ಪದ ಸೇತುವೆಯ ಮೇಲೆ ಲಾರಿ ಬಸುರಿಯ ಹಾಗೆ ನಡೆಯಿತಂತೆ.
ಮರದ ಪೆಟ್ಟಿಗೆಯ ಮೇಲೊಂದು ಚೀಟಿ,
ಓರೆಯಾದರೆ ಸಾಕು, ಕೆಂಪಾಗಿ ಚಾಡಿ ಹೇಳುವಂಥದ್ದು.
ಅಳುವಾರದ ತಿರುವಿಗೆ ಆನೆ ಇಳಿದಿದೆ ಎಂದು ಫೋನು.
ಗೇಟಿನ ಬೋಪಯ್ಯ ಟಾರ್ಚು ಹಿಡಿದು ನಡೆದೇ ಹೋದ,
ಡ್ರೈವರನ ಪಕ್ಕ ಹತ್ತಿ ಕೂತ.
'ಹಾರನ್ ಬೇಡ, ಲೈಟ್ ಬೇಡ. ಅದರ ದಾರಿ ಅದು ಹೋಗಲಿ.'
ಎರಡು ಗಂಟೆ ಕತ್ತಲು.
ಚೀಟಿ ಬಿಳಿಯಾಗಿಯೇ ಬಂತು.

ಹೀಲಿಯಂ ಸುರಿದ ದಿನ ಎಂಜಿನಿಯರ್ ಹೇಳಿದ:
ಸುರುಳಿಗೆ ಒಮ್ಮೆ ಕೊಟ್ಟ ವಿದ್ಯುತ್ತು
ಇನ್ನು ತಂತಿ ಕಿತ್ತರೂ ಸುತ್ತುತ್ತಲೇ ಇರುತ್ತದೆ,
ತಣ್ಣಗಿಟ್ಟರೆ, ವರ್ಷಗಟ್ಟಲೆ.
'ಕರೆಂಟು ಹೋದರೂ?'
'ಹೋದರೂ.'
ಸ್ಟೋರಿನ ಕುಶಾಲಪ್ಪ ನಂಬಲಿಲ್ಲ.
ಕೈಯಲ್ಲಿದ್ದ ಬೀಗದ ಗೊಂಚಲು
ತಾನೇ ಎದ್ದು ಅತ್ತ ಮುಖ ಮಾಡಿದಾಗ
ನಂಬಿದ.

ನೆಲಕ್ಕೆ ಕೆಂಪು ಟೇಪು ಅಂಟಿಸಿದೆವು. ಐದು ಗೌಸ್ ಗೆರೆ.
ಬಾಗಿಲಲ್ಲೊಂದು ಬುಟ್ಟಿ: ಬೀಗ, ವಾಚು, ಹೇರ್‌ಪಿನ್ನು,
ಉದ್ಘಾಟನೆಗೆ ಕುಪ್ಯ ತೊಟ್ಟು ಬಂದ ಹಿರಿಯರ ಪೀಚೆಕತ್ತಿ.
ಹಿಡಿಯ ಬೆಳ್ಳಿ, ಅಂಚಿನ ಚಿನ್ನ ಅದಕ್ಕೆ ಬೇಕಿಲ್ಲ,
ಒರೆಯೊಳಗಿನ ಕಬ್ಬಿಣದ ಜೊತೆಗಷ್ಟೇ ಮಾತು.

ಮೈಯೊಳಗೆ ಲೋಹ ಇರುವವರು ದಾಟಬಾರದು
ಎಂಬ ಬೋರ್ಡನ್ನು ಗಟ್ಟಿಯಾಗಿ ಓದುತ್ತಿದ್ದೆ.
ಬೋಪಯ್ಯನ ಬೂಟು ಗೆರೆಗೆ ಗೇಣು ದೂರದಲ್ಲಿ ನಿಂತಿತು.
'ನನಗುಂಟು ಮೇಡಂ. ಸೊಂಟದಲ್ಲಿ. ದ್ರಾಸಿನಿಂದ ತಂದದ್ದು.
ತೆಗೆದರೆ ಕಾಲು ಹೋಗ್ತದೆ ಅಂದ್ರು. ಇಟ್ಟುಕೊಂಡೆ.'
ನಾಳೆ ಮಳೆ ಬರಬಹುದು ಎನ್ನುವ ದನಿಯಲ್ಲಿ.

ಆ ರಾತ್ರಿ ಲಾರಿಯಲ್ಲಿ ಒಟ್ಟಿಗೇ ಬಂದವರು ಅವರಿಬ್ಬರು.
ಆಗ ಅದಿನ್ನೂ ಎದ್ದಿರಲಿಲ್ಲ.

ಮರುವಾರ ಕ್ಯಾಂಟೀನ್ ರಮ್ಮಿನ ಹಳೇ ಬಾಟಲಿ ತಂದ,
ಒಳಗೆ ಕಾಚಂಪುಳಿ, ಗಾಡಿಯ ಕೀಲೆಣ್ಣೆಯ ಕಪ್ಪು.
'ಮನೆಯವಳು ಕಾಯಿಸಿದ್ದು. ಕೊಳ್ಳುವವರು
ಬೆರಕೆ ಅಂದ್ರು ಸಂತೆಯಲ್ಲಿ. ಅವಳು ಎರಡು ದಿನ ಊಟ ಬಿಟ್ಟಳು.
ನಿಮ್ಮ ಮಿಷನ್ನು ಮುಖ ನೋಡಿ ಮಾತಾಡುವುದಿಲ್ಲವಂತಲ್ಲ.'

ಲಾಗ್‌ಬುಕ್ಕಿನ ಮೊದಲ ಸಾಲು ಕಂಪನಿಯದು,
ಎರಡನೆಯದು ಕುಲಪತಿಗಳ ಕಚೇರಿಯದು,
ಮೂರನೆಯದು ನನ್ನ ಅಕ್ಷರ: ಬೋಪಯ್ಯ, ಗೇಟು.

ಒಂದು ಹನಿ ಹುಳಿ, ಅಳತೆಯ ಭಾರಜಲ.
ಪರದೆಯ ಮೇಲೆ ನಾಲ್ಕೂ ಮುಕ್ಕಾಲಿನಲ್ಲಿ ನೀರಿನ ಬೆಟ್ಟ,
ಮೂರರ ಸುತ್ತ ಆಮ್ಲದ ಕವಲುಗಳು, ಜೋಡಿ ಜೋಡಿ.
ಎರಡರ ಹತ್ತಿರ, ಅಂಗಡಿಯ ವಿನೆಗರ್ ಇದ್ದಿದ್ದರೆ
ಒಂಟಿ ಮೊಳೆ ನಿಲ್ಲಬೇಕಾದ ಕಡೆ,
ಬಯಲು.

ಕಾಗದ ಹಿಡಿದು ಗೆರೆಗೆ ಬಂದೆ.
ಅವನು ಅದನ್ನು ನಕಾಶೆಯ ಹಾಗೆ ತಿರುಗಿಸಿ ಹಿಡಿದ.
'ಕಳ್ಳ ಎಲ್ಲಿರಬೇಕಿತ್ತು?'
ಬೆರಳಿಟ್ಟು ತೋರಿಸಿದೆ.
'ಇಲ್ಲ ಅಂತೀರಿ.'
'ಇಲ್ಲ.'
ಎಷ್ಟೋ ಹೊತ್ತು ಆ ಖಾಲಿ ಜಾಗವನ್ನೇ ನೋಡಿದ.

ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ಸು ಕೀಚಲಿಟ್ಟಿತು.
ಕತ್ತಲಲ್ಲಿ ಕಾಗದ ನಾಲ್ಕು ಮಡಿಕೆಯಾಗುವ ಸದ್ದು.
ಟಾರ್ಚು ಹಚ್ಚಿ, ಎಡಕ್ಕೆ ತುಸು ವಾಲಿ ಹೊರಟವನು
ಮೆಟ್ಟಿಲ ಬಳಿ ತಿರುಗಿದ:
'ಬಾಟಲಿ ಮಾತ್ರ ವಾಪಸು ಕೊಡಿ ಮೇಡಂ.
ಮುಂದಿನ ಸಲಕ್ಕೆ ಬೇಕು.'